ಹದಿನಾಲ್ಕನೇ ವಯರಿನ ಹನ್ನೊಂದು ಚೀಟಿ

ನಿತ್ಯಾನಂದನಿಗೆ ಸಿಟ್ಟು ಬಂದರೆ ಬಾಯಿ ಕಟ್ಟಿಹೋಗುತ್ತದೆ. ಬಯ್ಯುವುದಿಲ್ಲ, ಕೈ ಎತ್ತುವುದಿಲ್ಲ. ದವಡೆ ಮಾತ್ರ ಬಿಗಿಯಾಗುತ್ತದೆ. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಸಿಗಡಿ ಕಾರ್ಖಾನೆಯವರು ಆ ದವಡೆ ನೋಡಿಯೇ ದೂರ ಸರಿಯುತ್ತಿದ್ದರು. ಕಳೆದ ಜುಲೈಯಿಂದ ಈಚೆಗೆ ಅದು ಸಡಿಲಾದದ್ದನ್ನು ಯಾರೂ ಕಂಡಿಲ್ಲ.

ಅವನ ಊರು ಮಂಜೇಶ್ವರದ ಕಡೆಯ ಪೈವಳಿಕೆ. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಹತ್ತೊಂಬತ್ತನೇ ವಯಸ್ಸಿಗೆ ಟೆಲಿಫೋನ್ ಕೇಬಲ್ ಹೂಳುವ ತಂಡದ ಜೊತೆ ಕೊಚ್ಚಿಗೆ ಬಂದ. ತಂಡದ ಮೇಸ್ತ್ರಿ ಅಪ್ಪಣ್ಣ ಅವನಿಗೆ ಕೆಲಸ ಕಲಿಸಿದ್ದು ಒಂದೇ ಪೆಟ್ಟಿನಲ್ಲಿ. ಆಲುವದಲ್ಲಿ ಒಂದು ಕಂಬದ ಪೆಟ್ಟಿಗೆಯಿಂದ ನಿತ್ಯಾನಂದ ಒಂದು ವಯರು ಕಿತ್ತು, ಮತ್ತೆ ಹಾಕಲು ಮರೆತಿದ್ದ. ಒಂದು ನರ್ಸಿಂಗ್ ಹೋಮಿನ ಫೋನು ಎರಡು ದಿನ ಸತ್ತು ಬಿದ್ದಿತ್ತು. ಅಪ್ಪಣ್ಣ ಕೆನ್ನೆಗೆ ಹೊಡೆದ. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಚೀಟಿ ಕಟ್ಟುವುದನ್ನು ತೋರಿಸಿದ. ವಯರು ತೆಗೆದರೆ ಅದಕ್ಕೊಂದು ಬಿಳಿ ಟೇಪು ಸುತ್ತಬೇಕು. ತೆಗೆದ ದಿನ, ತೆಗೆದ ಹೊತ್ತು, ಮತ್ತೆ ಹಾಕಿದ ಹೊತ್ತು, ತೆಗೆದವನ ಹೆಸರು, ಕೊನೆಗೆ ತೆಗೆಯಲು ಹೇಳಿದವನ ಹೆಸರು, ಇಷ್ಟನ್ನೂ ಅದರ ಮೇಲೆ ಬರೆಯಬೇಕು. ಹಳೆಯ ಚೀಟಿಯನ್ನು ಕೀಳಬಾರದು.

ಫೋನಿನ ವಯರು ಹೋಗಿ ಕಂಪ್ಯೂಟರಿನ ವಯರು ಬಂತು. ಅಪ್ಪಣ್ಣ ತೀರಿಹೋದ. ನಿತ್ಯಾನಂದ ಮಾತ್ರ ಇಪ್ಪತ್ತೆಂಟು ವರ್ಷ ಒಂದು ವಯರನ್ನೂ ಚೀಟಿ ಕಟ್ಟದೆ ತೆಗೆದವನಲ್ಲ. ಬರೆಯುವುದು ಕನ್ನಡದಲ್ಲಿ. ಬೇರೆ ಅಕ್ಷರ ಅವನ ಕೈಗೆ ಹತ್ತಲಿಲ್ಲ. ಕೊಚ್ಚಿಯಲ್ಲಿ ಅದನ್ನು ಓದುವವರು ಅಪರೂಪ, ಹಾಗಾಗಿ ಏನು ಬರೆದೆ ಎಂದು ಕೇಳಿದವರೂ ಇಲ್ಲ.

ಸಿಗಡಿ ಕಾರ್ಖಾನೆಯಲ್ಲಿ ಅವನು ಗುತ್ತಿಗೆಯ ವಯರ್‌ಮ್ಯಾನ್. ಅಲ್ಲಿ ಕೋಲ್ಡ್ ರೂಮುಗಳನ್ನು ತಣ್ಣಗಿಡುವುದು ಅಮೋನಿಯ. ಆ ಗ್ಯಾಸು ಸೋರಿದರೆ ಕಣ್ಣು, ಗಂಟಲು, ಶ್ವಾಸಕೋಶ ಸುಡುತ್ತದೆ. ಸೋರಿದ್ದನ್ನು ಪತ್ತೆ ಮಾಡುವುದು ಪ್ಲಾಂಟ್ ರೂಮಿನ ಮೂಲೆಯ ಒಂದು ಹಳೆಯ ಕಂಪ್ಯೂಟರ್. ಅದನ್ನು ಉಳಿದ ಕಂಪ್ಯೂಟರುಗಳಿಗೆ ಜೋಡಿಸುವುದೂ ಇಡೀ ಕಾರ್ಖಾನೆಯ ಸೈರನ್ ಹೊಡೆಸುವುದೂ ಅದರಿಂದ ಹೊರಟ ಒಂದೇ ವಯರು, ಹದಿನಾಲ್ಕನೇ ನಂಬರಿನದು. ಆ ವಯರು ಇಲ್ಲದಿದ್ದರೆ ಕಂಪ್ಯೂಟರು ಪ್ಲಾಂಟ್ ರೂಮಿನೊಳಗೇ ಕುಂಯ್ ಕುಂಯ್ ಅನ್ನುತ್ತಿರುತ್ತದೆ. ಅಲ್ಲಿ ಯಾರೂ ಕೂರುವುದಿಲ್ಲ.

ಹೊರದೇಶದ ಸಿಗಡಿ ಖರೀದಿದಾರರದ್ದು ಒಂದು ಷರತ್ತು. ಮೂರು ತಿಂಗಳಿಗೊಮ್ಮೆ ಹೊರಗಿನವರು ಕಾರ್ಖಾನೆಯ ಕಂಪ್ಯೂಟರುಗಳನ್ನೆಲ್ಲ ಪರೀಕ್ಷಿಸಬೇಕು. ಕಳ್ಳರು ನುಗ್ಗಬಹುದಾದ ತೂತು ಎಲ್ಲೆಲ್ಲಿ ಇದೆ ಎಂದು ಪಟ್ಟಿ ಕೊಡಬೇಕು. ತೂತು ಮುಚ್ಚಿದ ಮೇಲೆಯೇ ಸರಕು. ಮೊದಲ ಸಲ ತಿರುವನಂತಪುರದಿಂದ ನಿಹಾರಿಕಾ ಎಂಬ ಹುಡುಗಿ ಬಂದಳು, ಮೈಸೂರಿನವಳು. ಒಂದು ಸಣ್ಣ ಪೆಟ್ಟಿಗೆ ಜೋಡಿಸಿದಳು. ಆ ಪೆಟ್ಟಿಗೆ ಒಂದೊಂದು ಕಂಪ್ಯೂಟರಿನ ಬಾಗಿಲನ್ನೂ ತಟ್ಟಿ ನೋಡುತ್ತದೆ ಎಂದು ನಿತ್ಯಾನಂದನಿಗೆ ಕನ್ನಡದಲ್ಲೇ ತಿಳಿಸಿದಳು, ತನ್ನ ನಂಬರನ್ನೂ ಕೊಟ್ಟಳು. ಅರವತ್ತಮೂರು ಕಂಪ್ಯೂಟರುಗಳಲ್ಲಿ ತೀರಾ ಕೆಟ್ಟದ್ದು ಪ್ಲಾಂಟ್ ರೂಮಿನ ಆ ಹಳೆಯದೇ. ಅದರ ತೂತಿಗೆ ತೇಪೆ ಹಾಕುವುದನ್ನು ಅದನ್ನು ಮಾಡಿದವರೇ ನಿಲ್ಲಿಸಿಬಿಟ್ಟಿದ್ದರು. ಬದಲಾಯಿಸಿ ಎಂದು ಬರೆದು, ಮುಂದಿನ ಪರೀಕ್ಷೆಗಳನ್ನು ತಿರುವನಂತಪುರದಲ್ಲಿ ಕೂತೇ ನಡೆಸಲು ಪೆಟ್ಟಿಗೆಯನ್ನು ಕಾರ್ಖಾನೆಯಲ್ಲೇ ಬಿಟ್ಟುಹೋದಳು.

ಬದಲಾಯಿಸಲಿಲ್ಲ. ಮುಂದಿನ ಪರೀಕ್ಷೆಯ ದಿನ ಮ್ಯಾನೇಜರ್ ಕಿಶೋರ್ ಸಾರ್ ಫೋನು ಮಾಡಿ ಹದಿನಾಲ್ಕನ್ನು ಸ್ವಲ್ಪ ಹೊತ್ತು ತೆಗೆದಿಡು ಎಂದರು. ತೆಗೆದ. ಪೆಟ್ಟಿಗೆ ತಟ್ಟುವಾಗ ಆ ಬಾಗಿಲೇ ಇರಲಿಲ್ಲ. ಪಟ್ಟಿ ಚೊಕ್ಕ ಬಂತು. ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಹಾಕು ಎಂದರು. ಹಾಕಿದ. ಆಮೇಲೆ ಅದೇ ರೂಢಿಯಾಯಿತು. ಸೈರನ್ ವಯರಲ್ಲವಾ ಸಾರ್ ಎಂದು ಒಮ್ಮೆ ಕೇಳಿದ್ದ. ಮೂರು ಗಂಟೆಯಲ್ಲಿ ಏನಾಗುತ್ತದೆ ಚೇಟ್ಟಾ ಎಂದು, ಮಲಯಾಳದಲ್ಲಿ ಅಣ್ಣಾ ಎನ್ನುವ ಸಲುಗೆಯಲ್ಲಿ, ಕಿಶೋರ್ ಸಾರ್ ನಕ್ಕಿದ್ದರು. ನಿತ್ಯಾನಂದ ಮತ್ತೆ ಕೇಳಲಿಲ್ಲ. ಇಂದಿಗೂ ಅವನನ್ನು ತಿನ್ನುವುದು ಅದೇ, ಮತ್ತೆ ಕೇಳದೆ ಇದ್ದದ್ದು.

ಹನ್ನೊಂದನೇ ಸಲ, ಜುಲೈಯ ಒಂದು ಶನಿವಾರ, ನಿಹಾರಿಕಾಳ ಪೆಟ್ಟಿಗೆ ಪರೀಕ್ಷೆಯ ನಡುವೆ ಸಿಕ್ಕಿಹಾಕಿಕೊಂಡಿತು. ಪರೀಕ್ಷೆ ಮೊದಲಿನಿಂದ ಶುರುವಾಯಿತು. ಒಂದು ಗಂಟೆಗೆ ಮುಗಿಯಬೇಕಿದ್ದದ್ದು ಇನ್ನು ನಾಲ್ಕಕ್ಕೆ ಎಂದು ಕಿಶೋರ್ ಸಾರ್ ತಿಳಿಸಿದರು. ಎರಡೂವರೆಗೆ ಮೂರನೇ ಕೋಲ್ಡ್ ರೂಮಿನ ಹಿಂದೆ ಒಂದು ವಾಲ್ವು ಬಿಟ್ಟು ಅಮೋನಿಯ ಸೋರಿತು.

ಒಳಗೆ ಮೂವರು ಹೆಂಗಸರಿದ್ದರು. ವಾಸನೆ ಬರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ವಾಸನೆ ಅಲ್ಲಿ ದಿನಾ ಇರುತ್ತದೆ. ವಾಸನೆ ಬಂತೆಂದು ದಿನಾ ಓಡುವವಳನ್ನು ಯಾರು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆ? ಸೈರನ್ ಹೊಡೆದರೆ ಓಡಿ ಎಂದು ಕಲಿಸಿದ್ದರು. ಅದು ಹೊಡೆಯಲಿಲ್ಲ. ಇಬ್ಬರು ಕಣ್ಣು ಉಜ್ಜಿಕೊಂಡು ಹೊರಗೆ ಬಿದ್ದರು. ತೀರಾ ಒಳಗಿನ ಸಾಲಿನಲ್ಲಿದ್ದ ಜುಬೈದಾಳನ್ನು ಎಳೆದು ತರಬೇಕಾಯಿತು. ಅವಳು ಉಪ್ಪಳದವಳು, ಕಾರ್ಖಾನೆಯಲ್ಲಿ ನಿತ್ಯಾನಂದನಿಗೆ ಕನ್ನಡ ಮಾತಾಡಲು ಇದ್ದ ಒಬ್ಬಳೇ ಒಬ್ಬಳು. ಗಲಾಟೆ ಕೇಳಿ ನಿತ್ಯಾನಂದ ಪ್ಲಾಂಟ್ ರೂಮಿಗೆ ಓಡಿ ವಯರು ಸಿಕ್ಕಿಸಿದ. ಆಗ ಸೈರನ್ ಕೂಗಿತು. ಹೊರಗೆ ಒದ್ದೆ ನೆಲದ ಮೇಲೆ ಜುಬೈದಾ ಮಲಗಿದ್ದಳು. ಎಲ್ಲ ಮುಗಿದ ಮೇಲೆ ಅದು ಕೂಗುತ್ತಲೇ ಇತ್ತು.

ಅವಳು ಬದುಕಿದಳು. ಸ್ವರ ಹೋಯಿತು. ಏನು ಹೇಳಿದರೂ ಪಿಸುಮಾತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಸೆಪ್ಟೆಂಬರಿನಲ್ಲಿ ಕಿಶೋರ್ ಸಾರ್ ಅವನನ್ನು ಕರೆದು ಇಂಗ್ಲಿಷಿನ ಒಂದು ಕಾಗದ ಮುಂದಿಟ್ಟರು. ಬರೀ ಫಾರ್ಮಾಲಿಟಿ, ಸಹಿ ಹಾಕಿದರೆ ಅಂಬಲಮುಗಳ್ ಕಡೆಯ ಹೊಸ ಸೈಟಿಗೆ ಮೇಸ್ತ್ರಿಯಾಗಿ ಹೋಗಬಹುದು ಎಂದರು. ಅಕ್ಟೋಬರಿನ ಪರೀಕ್ಷೆಗೂ ಹದಿನಾಲ್ಕನ್ನು ತೆಗೆಯಬೇಕು, ಈ ಸಲ ಬೇಗ ಮುಗಿಯುತ್ತದೆ ಎಂದೂ ಸೇರಿಸಿದರು. ನಿತ್ಯಾನಂದನ ದವಡೆ ಬಿಗಿಯಿತು. ನಾಳೆ ಹಾಕುತ್ತೇನೆ ಎಂದು ಕಾಗದ ಮಡಚಿ ಜೇಬಿಗಿಟ್ಟ. ಸೀದಾ ಪ್ಲಾಂಟ್ ರೂಮಿಗೆ ಹೋಗಿ ಹದಿನಾಲ್ಕರ ಜಾಗಕ್ಕೆ ಹೊಸ ವಯರು ಹಾಕಿದ. ಹನ್ನೊಂದು ಚೀಟಿಯ ಹಳೆಯ ವಯರನ್ನು ಸುತ್ತಿ ಚೀಲಕ್ಕೆ ತುಂಬಿದ.

ಮಾರನೆಯ ದಿನ ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೊರಟ. ಕಳಕ್ಕೂಟದಲ್ಲಿ ಇಳಿದು ಐಟಿ ಪಾರ್ಕಿನ ಗೇಟಿನಲ್ಲಿ ಒಂದು ಗಂಟೆ ನಿಂತ. ನಿಹಾರಿಕಾ ಬಂದು ಕ್ಯಾಂಟೀನಿಗೆ ಕರೆದೊಯ್ದಳು. ಅವನು ಚಾಯ ಮುಟ್ಟಲಿಲ್ಲ. ಮೊದಲು ಕಾಗದ ಕೊಟ್ಟ. ಅವಳು ಓದಿ ಕನ್ನಡದಲ್ಲಿ ಹೇಳಿದಳು. ಯಾರ ಗಮನಕ್ಕೂ ತರದೆ ನಾನೇ ವಯರು ತೆಗೆದಿದ್ದೆ, ತಪ್ಪು ನನ್ನೊಬ್ಬನದೇ ಎಂದು ಅದರಲ್ಲಿತ್ತು. ಅವನು ವಯರನ್ನು ಮೇಜಿನ ಮೇಲೆ ಸುರಿದ.

ಅವಳು ಒಂದೊಂದೇ ಚೀಟಿ ಓದಿದಳು. ತೆಗೆದವನು ನಿತ್ಯಾನಂದ. ಹೇಳಿದವರು ಕಿಶೋರ್ ಸಾರ್. ಹನ್ನೊಂದರಲ್ಲೂ ಅದೇ. ಅವಳು ಲ್ಯಾಪ್‌ಟಾಪ್ ತೆರೆದು ತಾರೀಕು ಹೋಲಿಸಿದಳು. ಮುಖ ಕೆಂಪಾಯಿತು. ಮೊದಲ ಸಲ ಅರವತ್ತಮೂರು ಇದ್ದದ್ದು ಎರಡನೇ ಸಲಕ್ಕೆ ಅರವತ್ತೆರಡಾಗಿತ್ತು. ಅದನ್ನು ಅವಳು ಗಮನಿಸಿದ್ದಳು. ಮೇಲ್ ಬರೆದು ಕೇಳಿದ್ದಳು. ಆ ಕಂಪ್ಯೂಟರನ್ನು ತೆಗೆದುಹಾಕಿದ್ದೇವೆ ಎಂದು ಉತ್ತರ ಬಂದಿತ್ತು. ಅವಳು ಪಟ್ಟಿಯಿಂದ ಹೊಡೆದುಹಾಕಿದ್ದಳು.

"ನೀವು ಕೇಳಿದ್ದು ಯಾರತ್ರ?" ಎಂದ ನಿತ್ಯಾನಂದ. "ತೆಗೆದವ ನಾನು. ನನ್ನ ನಂಬರು ನಿಮ್ಮತ್ರ ಉಂಟು. ಒಂದು ಸಲ ನನ್ನತ್ರ ಕೇಳಿದ್ರಾ?"

ಅವಳು ತಲೆ ತಗ್ಗಿಸಿದಳು. "ಇಲ್ಲ. ಅವ್ರು ಬರೆದು ಕೊಟ್ರು, ನಾನು ನಂಬಿದೆ."

"ಪೆಟ್ಟಿಗೆ ಅಲ್ಲಿ ಇಟ್ಟು ನೀವು ಇಲ್ಲಿ ಕೂತ್ರಿ. ವಯರು ಕಿತ್ತು ನಾನು ಅಲ್ಲಿ ಕೂತೆ. ಜುಬೈದಾ ಒಳಗೆ ಇದ್ಳು."

ಅವಳು ಮೆಲ್ಲಗೆ ಹೇಳಿದಳು, ಇದನ್ನು ವರದಿಯಲ್ಲಿ ಬರೆದರೆ ಮೊದಲು ಹಿಡಿಯುವುದು ನಿಮ್ಮನ್ನೇ, ಮೂರು ವರ್ಷ ತೆಗೆದ ಕೈ ನಿಮ್ಮದು.

"ಬರೀರಿ. ನನ್ನ ಹೆಸರೇ ಮೊದಲು ಬರೀರಿ. ಆದ್ರೆ ಚೀಟಿಯಲ್ಲಿ ಎರಡು ಹೆಸರು ಉಂಟು. ಎರಡೂ ಬರೀಬೇಕು."

ಕಣ್ಣಾರೆ ಕಾಣದೆ ಬರೆಯಲು ಆಗುವುದಿಲ್ಲ ಎಂದಳು. ಈ ಸಲ ತಾನೇ ಬರುತ್ತೇನೆ, ಪರೀಕ್ಷೆ ಮುಗಿಯುವವರೆಗೆ ಹದಿನಾಲ್ಕು ಜಾಗದಲ್ಲೇ ಇರಲಿ ಎಂದಳು. ಚೀಟಿಗಳ ಫೋಟೋ ತೆಗೆದುಕೊಂಡಳು. ನಿತ್ಯಾನಂದ ವಯರು ಸುತ್ತಿಕೊಂಡು ಎದ್ದ. ಚಾಯ ಹಾಗೇ ಆರಿತ್ತು. ಮುಂದೆ ಕಿಶೋರ್ ಸಾರ್ ಸಹಿಯ ಮಾತೆತ್ತಿದಾಗೆಲ್ಲ ನಾಳೆ ನಾಳೆ ಎಂದು ದಿನ ತಳ್ಳಿದ.

ಅವಳು ಹೇಳಿದಂತೆ ಬಂದಳು, ಮುಂಚೆ ತಿಳಿಸದೆ. ಅಕ್ಟೋಬರಿನ ಆ ಶನಿವಾರ ಅವಳು ಮಹಡಿಯಲ್ಲಿ ಪೆಟ್ಟಿಗೆಯ ಮುಂದೆ ಕೂತಾಗ ಕಿಶೋರ್ ಸಾರ್ ಗಾಬರಿಯಲ್ಲಿ ನಿತ್ಯಾನಂದನಿಗೆ ಫೋನು ಮಾಡಿದರು. ಅವನು ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಅವರೇ ಓಡಿಬಂದರು. ನಿತ್ಯಾನಂದ ಪ್ಲಾಂಟ್ ರೂಮಿನಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಸ್ಟೂಲು ಹಾಕಿ ಕೂತಿದ್ದ.

ತೆಗಿ ಎಂದರು. ಅವನು ಏಳಲಿಲ್ಲ. ಮೊದಲು ಗದರಿದರು, ಆಮೇಲೆ ಚೇಟ್ಟಾ ಎಂದು ಹೆಗಲು ಮುಟ್ಟಿದರು. ಸರಕು ನಿಂತರೆ ಮುನ್ನೂರು ಜನರ ಹೊಟ್ಟೆಗೆ ಹೊಡೆದ ಪಾಪ ನಿನ್ನದೇ ಎಂದರು. ಕೊನೆಗೆ ತಾವೇ ವಯರಿಗೆ ಕೈ ಚಾಚಿದರು. ಆಗ ನಿತ್ಯಾನಂದ ಎದ್ದ. ತಡೆಯಲಿಲ್ಲ. ಜೇಬಿನಿಂದ ಬಿಳಿ ಟೇಪಿನ ಸುರುಳಿ, ಪೆನ್ನು ತೆಗೆದು ಅವರ ಮುಂದೆ ಹಿಡಿದ.

"ತೆಗೀರಿ ಸಾರ್. ನಾನು ಅಡ್ಡ ಬರುದಿಲ್ಲ. ಇದರಲ್ಲಿ ಇವತ್ತಿನ ತಾರೀಕು ಹಾಕಿ, ನಿಮ್ಮ ಹೆಸರು ಬರ್ದು ತೆಗೀರಿ. ಮಲಯಾಳದಲ್ಲೇ ಬರೀರಿ. ಈ ಸಲ ಎಲ್ಲರಿಗೂ ಓದ್ಲಿಕ್ಕೆ ಬರ್ಲಿ."

ಕಿಶೋರ್ ಸಾರ್ ಪೆನ್ನು ಈಸಿಕೊಂಡರು. ಅವರ ಕೈ ವಯರಿನ ಹತ್ತಿರ ಒಂದು ನಿಮಿಷ ಹಾಗೇ ನಿಂತಿತ್ತು. ಬರೆಯಲೂ ಇಲ್ಲ, ತೆಗೆಯಲೂ ಇಲ್ಲ. ಪೆನ್ನನ್ನು ನೆಲಕ್ಕೆ ಎಸೆದು ಹೋದರು. ಕಂಪ್ಯೂಟರಿನ ಹಿಂದೆ ಹಸಿರು ದೀಪ ಮಿನುಗುತ್ತಿತ್ತು. ಪೆಟ್ಟಿಗೆ ಬಾಗಿಲು ತಟ್ಟುತ್ತಿತ್ತು.

ಪಟ್ಟಿ ಚೊಕ್ಕ ಬರಲಿಲ್ಲ. ವರದಿಯಲ್ಲಿ ಎರಡೂ ಹೆಸರು ಬಂದವು. ಒಂದು ತಿಂಗಳು ಸರಕು ಹೋಗಲಿಲ್ಲ, ಹೊಸ ಕಂಪ್ಯೂಟರ್ ಬಂತು, ಪ್ಲಾಂಟ್ ರೂಮಿಗೆ ಕಾವಲಿನವನು ಬಂದ. ಕಿಶೋರ್ ಸಾರ್ ಬೇರೆ ವಿಭಾಗಕ್ಕೆ ಹೋದರು, ಸಂಬಳ ಕಡಿಮೆಯಾಗದೆ. ನಿತ್ಯಾನಂದನ ಪಾಸನ್ನು ಪರೀಕ್ಷೆಯ ಸಂಜೆಯೇ ಗೇಟಿನಲ್ಲಿ ಕಸಿದುಕೊಂಡಿದ್ದರು. ಅವನಿಗೆ ಅದು ಅನ್ಯಾಯ ಅನ್ನಿಸಲಿಲ್ಲ. ಕಿಶೋರ್ ಸಾರ್ ಇನ್ನೂ ಅದೇ ಗೇಟಿನಿಂದ ಒಳಗೆ ಹೋಗುತ್ತಾರೆ ಎಂಬುದು ಮಾತ್ರ ಅನ್ಯಾಯ ಅನ್ನಿಸಿತು.

ಪಾಸು ಹೋದ ಮಾರನೆಯ ದಿನ ಅವನು ಮಟ್ಟಂಚೇರಿಯ ಜುಬೈದಾಳ ಮನೆಗೆ ಹೋದ. ಅವಳು ಜಗಲಿಯಲ್ಲಿ ಕೂತಿದ್ದಳು. ವಯರಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವನು ನಿಂತೇ ಎಲ್ಲವನ್ನೂ ಹೇಳಿದ. ಹನ್ನೊಂದನೇ ಚೀಟಿ ತೋರಿಸಿದ. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಅವಳು ಅದನ್ನು ತಾನೇ ಓದಿದಳು, ಬೆರಳಿಟ್ಟು, ನಿಧಾನಕ್ಕೆ.

"ತೆಗೆದದ್ದು ಹತ್ತು ಗಂಟೆಗೆ," ಎಂದು ಪಿಸುಗುಟ್ಟಿದಳು. "ಒಂದು ಗಂಟೆಗೆ ಮುಗೀಲಿಲ್ಲ ಅಂತ ಗೊತ್ತಾಯ್ತಲ್ಲ ನಿತ್ಯಣ್ಣ. ಆಗ ಒಂದು ಸಲ ಬಂದು, ಇವತ್ತು ಸೈರನ್ ಇಲ್ಲ ಹೇಳ್ಬಹುದಿತ್ತು. ಅಷ್ಟೇ ಸಾಕಿತ್ತು."

ಅವಳು ಚೀಟಿಯ ವಯರನ್ನು ಮಡಿಲಲ್ಲಿ ಇಟ್ಟುಕೊಂಡಳು. ವಾಪಸು ಕೊಡಲಿಲ್ಲ. ಲಾಯರಿಗೆ ಕೊಡ್ತೇನೆ ಎಂದಳು, ನೀನು ಸಾಕ್ಷಿಗೆ ಬರಬೇಕು ಎಂದಳು. ಬರ್ತೇನೆ ಎಂದ. ಕೂತುಕೋ ಎಂದು ಅವಳು ಹೇಳಲಿಲ್ಲ. ಅವನು ದವಡೆ ಬಿಗಿದು ರಸ್ತೆಗೆ ಇಳಿದ.