ಫೋನಿನ ತುಂಬ ಯಜಮಾನರ ಅಪ್ಪ

ಕೊಳ್ಳೇಗಾಲದ ಸೀರೆ ಅಂಗಡಿಯೊಂದಕ್ಕೆ ವೆಬ್‌ಸೈಟ್ ಮಾಡಿಕೊಟ್ಟ ಪಾಪ ನನ್ನದು. ಅಂಗಡಿಯ ದೊಡ್ಡ ಕಂಪ್ಯೂಟರಿನಲ್ಲಿ ಎಡಗಡೆ ರೇಷ್ಮೆ ಸೀರೆಗಳು, ಬಲಗಡೆ ಎಂದೋ ತೀರಿಹೋದ ಯಜಮಾನರ ತಂದೆಯ ಫೋಟೊ, ಹಾರದ ಸಮೇತ. ಯಜಮಾನರು ನೋಡಿ ಕೈಮುಗಿದರು. ನನ್ನ ಗ್ರಹಚಾರ, ಫೋನಿನಲ್ಲೂ ತೋರಿಸಿದೆ. ಫೋನಿನ ಪರದೆ ಕಿರಿದು, ಪಕ್ಕದಲ್ಲಿದ್ದದ್ದು ಕೆಳಕ್ಕಿಳಿಯುತ್ತದೆ. ತಂದೆ ಸೀರೆಗಳ ಕೆಳಗೆ ಇಳಿದಿದ್ದರು.

“ನಮ್ಮಪ್ಪನ್ನ ಸೀರೆ ಕೆಳಕ್ಕೆ ಆಕಿದ್ದೀಯಲ್ಲಯ್ಯಾ! ಮೇಲಕ್ಕೆ ತಕಂಡೋಗು. ದೊಡ್ಡದಾಗಿ ಕಾಣ್ಬೇಕು.”

“ಸಾ, ಗಿರಾಕಿಗಳೆಲ್ಲ ನೋಡೋದು ಫೋನಲ್ಲೇ. ತೆಗೆದ ತಕ್ಷಣ ಸೀರೆ ಕಾಣಬೇಕು,” ಅಂದೆ.

“ಅಂಗ್ಡಿ ಕಟ್ಟಿದ್ದು ನಮ್ಮಪ್ಪ ಕಣಯ್ಯಾ, ನಿನ್ನ ಗಿರಾಕಿಗಳಲ್ಲ.”

ಮೇಲಕ್ಕೆ ಹಾಕಿದೆ. ಫೋನಿನ ತುಂಬ ಅವರೊಬ್ಬರೇ ಆದರು.

ವಾರದೊಳಗೆ ಯಳಂದೂರಿನ ಹಳೇ ಗಿರಾಕಿ ಹೆಂಗಸೊಬ್ಬರು ಅಂಗಡಿಗೆ ಫೋನ್ ಮಾಡಿದರು. “ಫೋನ್ ತಗುದ್ರೆ ಆರ ಆಕಿರೋ ಫೋಟೊ ಬಂತಲ್ಲಣ್ಣ. ಸೂತಕದ ಮನೇಲಿ ಯಂಗೆ ಕೇಳದು ಅಂತ ಮಗಳ ಮದ್ವೆ ಸೀರೆಗಳ್ನ ಬ್ಯಾರೆ ಕಡೆ ತಕಂಡ್ಬುಟ್ವಿ. ಯಾವಾಗ ತೀರ್ಕಂಡ್ರು?”

ಯಜಮಾನರು ನನ್ನನ್ನು ಕರೆಸಿ ಎಲ್ಲರೆದುರು ಬೈದರು. ಹಾಗಾದರೆ ಫೋಟೊ ಕೆಳಗಿಳಿಸಲಾ ಅಂತ ಕೇಳಿದ್ದಕ್ಕೆ ಇನ್ನೊಂದು ಸಲ ಬೈದರು. ಕೊನೆಗೆ ಅವರೇ ಉಪಾಯ ಹೇಳಿದರು: ಫೋಟೊದ ಕೆಳಗೆ ‘ಅಂಗಡಿ ತೆರೆದಿದೆ’ ಅಂತ ಬರೆಯಬೇಕು.

ಬರೆದೆ. ಅವರ ದೊಡ್ಡ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಫೋನಿನಲ್ಲಿ ಅದನ್ನು ಓದಬೇಕಾದರೆ ಮಾತ್ರ ಅವರಪ್ಪನನ್ನು ದಾಟಿಕೊಂಡೇ ಹೋಗಬೇಕು.