ಮಾವನ ಬುಟ್ಟಿ ಅಚ್ಚು

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ಒಂದು ಮಳೆಗಾಲದಲ್ಲಿ ನಮ್ಮ ನರಿಕೊಂಬಿನ ಮನೆಗೆ ದುಬೈಯಿಂದ ಒಬ್ಬ ಮಹಾಪಂಡಿತರು ಬಂದಿಳಿದರು. ಅವರು ನನ್ನ ಮಾವ, ಉಮ್ಮನ, ಎಂದರೆ ಅಮ್ಮನ, ತಮ್ಮ. ಬಿಸಿಲಿನ ಮುಖ ನೋಡದೆ ವಾರಗಳೇ ಕಳೆದಿದ್ದ ಆ ದಿನಗಳಲ್ಲೂ ಅವರು ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ಅತ್ತರಿನ ಪರಿಮಳ ಅವರಿಗಿಂತ ಮೊದಲು ಹೊಸ್ತಿಲು ದಾಟುತ್ತಿತ್ತು. ಉಮ್ಮ ಮಾಡಿದ ಅಕ್ಕಿರೊಟ್ಟಿ ತಿನ್ನುವಾಗಲೂ, ಬಾವಿಯ ನೀರು ಕುಡಿಯುವಾಗಲೂ ಅವರ ಬಾಯಲ್ಲಿ ಒಂದೇ ಮಾತು: ಅಲ್ಲಿ ಹೀಗಲ್ಲ. ಯಾವುದೋ ಗೋದಾಮಿನ ಬಾಗಿಲಲ್ಲಿ ಕೂತು ಬಂದವರಿಗೆ ಲೋಕದ ವಿದ್ಯೆಯೆಲ್ಲ ಹೇಗೆ ಬಂತೋ ದೇವರಿಗೇ ಗೊತ್ತು.

ನನ್ನ ಬಾಪ, ಎಂದರೆ ಅಪ್ಪ, ಬಂಟ್ವಾಳ ಪೇಟೆಯಲ್ಲಿ ಚರ್ಮದ ಕೆಲಸದ ಸಣ್ಣ ಅಂಗಡಿ ಇಟ್ಟಿದ್ದರು. ಚಪ್ಪಲಿ, ಬೆಲ್ಟು, ಕೈಚೀಲ ಮಾಡುತ್ತಿದ್ದರು. ಅವರ ಅಂಗಿಗೆ ಯಾವಾಗಲೂ ಹದ ಮಾಡಿದ ಚರ್ಮದ ಮತ್ತು ಜೇನುಮೇಣದ ವಾಸನೆ. ಮಾತು ಬಹಳ ಕಡಿಮೆ. ಯಾರಾದರೂ ಕೆಟ್ಟ ಕೆಲಸ ತಂದು ತೋರಿಸಿದರೆ ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ವಾಪಸು ಕೊಡುತ್ತಿದ್ದರು. ಆ ಗುಣ ನನಗೂ ಬಂದಿದೆ ಎಂದು ನಿಮ್ಮ ಅಜ್ಜಿ ದೂರುತ್ತಾಳೆ. ಬರಲಿ ಬಿಡಿ, ಒಳ್ಳೆಯ ಗುಣವೇ.

ಆ ವರ್ಷ ನಮ್ಮ ಶಾಲೆಯ ಬ್ಯಾಂಡಿನ ದೊಡ್ಡ ಡ್ರಮ್ಮನ್ನು ಹೊತ್ತು ಬಾರಿಸುವ ಭಾಗ್ಯ ನನ್ನದಾಗಿತ್ತು. ಹೆಗಲು ಅಗಲ ಇದೆಯೆಂದು ಡ್ರಿಲ್ ಮಾಸ್ಟ್ರು ನನ್ನನ್ನು ಆರಿಸಿದ್ದರು. ಆದರೆ ಡ್ರಮ್ಮನ್ನು ಹೆಗಲಿಗೆ ತೂಗುಹಾಕುವ ಹಳೆಯ ಚರ್ಮದ ಪಟ್ಟಿ ಬೂಸಲು ಹಿಡಿದು ಕೊಳೆತುಹೋಗಿತ್ತು. ಹೊಸ ಪಟ್ಟಿ ಬಂದರೆ ಸ್ವಾತಂತ್ರ್ಯ ದಿನಕ್ಕೆ ಡ್ರಮ್ಮು ಹೊರಗೆ ಬರುತ್ತದೆ, ಇಲ್ಲದಿದ್ದರೆ ಮೂಲೆಯಲ್ಲೇ ಇರುತ್ತದೆ ಎಂದು ಮಾಸ್ಟ್ರು ಹೇಳಿದ್ದರು. ನಾನು ಮನೆಯ ಕಂಬಗಳನ್ನೆಲ್ಲ ಬಡಿದು ಬಡಿದು ಅಭ್ಯಾಸ ಮಾಡಿದ್ದೆ. ಆ ಡ್ರಮ್ಮು ಸಿಗದಿದ್ದರೆ ನಾನು ಬದುಕುವುದೇ ಬೇಡ ಎನ್ನುವಷ್ಟು ಆಸೆ ನನಗಿತ್ತು.

ಸ್ವಾತಂತ್ರ್ಯ ದಿನದ ಹಿಂದಿನ ದಿನ ಜೋರು ಮಳೆಯೆಂದು ಶಾಲೆಗೆ ರಜೆ ಕೊಟ್ಟಿದ್ದರು. ಬಾಪ ಬೆಳಿಗ್ಗೆಯೇ ಉಳಿದಿದ್ದ ಒಂದೇ ಒಂದು ಒಳ್ಳೆಯ ಚರ್ಮದಿಂದ ಅಗಲವಾದ ಪಟ್ಟಿ ಕತ್ತರಿಸಿ, ಅಂಚು ಉಜ್ಜಿ ನಯ ಮಾಡಿ, ಜಗಲಿಯಲ್ಲಿ ಇಟ್ಟರು. ಮೂಡುಬಿದಿರೆಯಲ್ಲಿ ಒಬ್ಬರ ಮನೆಯ ಹಳೆಯ ಪೆಟ್ಟಿಗೆಯ ಚರ್ಮ ಹೊಲಿದುಕೊಡಲಿಕ್ಕಿತ್ತು. ಸಂಜೆ ಬಂದು ಬಕಲು ಹೊಲಿಯುತ್ತೇನೆ, ಅಲ್ಲಿವರೆಗೆ ಯಾರೂ ಮುಟ್ಟಬಾರದು ಎಂದು ಹೇಳಿ ಬಸ್ಸು ಹತ್ತಿದರು.

ಮಾವನಿಗೆ ‘ಯಾರೂ’ ಎಂಬುದರಲ್ಲಿ ತಾವು ಸೇರುವುದಿಲ್ಲವೆಂಬ ನಂಬಿಕೆ. ಅವರು ಕೆಂಪು ಮಖಮಲ್ಲಿನ ಒಂದು ಡಬ್ಬಿ ತಂದು ನನ್ನ ಮುಂದೆ ತೆರೆದರು. ಒಳಗೆ ಬೆರಳುದ್ದದ ಉಕ್ಕಿನ ಕಡ್ಡಿಗಳು ಫಳಫಳ ಹೊಳೆಯುತ್ತಿದ್ದವು. ಅವುಗಳಲ್ಲಿ ಒಂದು ಬುಟ್ಟಿ ಅಚ್ಚು. ಚರ್ಮದ ಮೇಲೆ ಅದನ್ನು ಒಮ್ಮೆ ಒತ್ತಿದರೆ ಏನೂ ಕಾಣುವುದಿಲ್ಲ, ಕೋಳಿ ಕಾಲಿಟ್ಟ ಹಾಗೆ ಒಂದು ಗುರುತು ಅಷ್ಟೆ. ಮುಂದಿನ ಗುರುತಿನ ತುದಿ ಹಿಂದಿನದರ ತುದಿಯ ಮೇಲೇ ಕೂರಬೇಕು. ಹಾಗೆ ಸಾಲಿಗೆ ಸಾಲು ಕೂಡಿಸಿದರೆ ಚರ್ಮದಲ್ಲಿ ಬುಟ್ಟಿ ಹೆಣೆದಂತೆ ಕಾಣುತ್ತದೆ. ಕೈ ಕೂದಲೆಳೆಯಷ್ಟು ವಾಲಿದರೂ ಆ ತಪ್ಪು ಸಾಲಿನಿಂದ ಸಾಲಿಗೆ ಬೆಳೆಯುತ್ತದೆ. ಅದಕ್ಕೇ ಮೊದಲು ನಡುವೆ ಒಂದು ಗೆರೆ ಎಳೆದುಕೊಳ್ಳಬೇಕು. ಚರ್ಮವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದರ ಬಣ್ಣ ಮರಳಿ ಬರುವವರೆಗೆ ಕಾಯಬೇಕು. ಬಾಪ ಚರ್ಮವನ್ನು ಕೆನ್ನೆಗೆ ಒತ್ತಿ, ತಣ್ಣಗಿದೆಯೇ ಎಂದು ನೋಡಿ ಹದ ತಿಳಿಯುತ್ತಿದ್ದರು.

ಮಾವ ಈ ಕೆಲಸ ಕಲಿತದ್ದು ದುಬೈಯ ಯಾವುದೋ ಅಂಗಡಿಯ ಗಾಜಿನ ಆಚೆಯಿಂದ ನೋಡಿ. ಅವರು ಗೆರೆ ಎಳೆಯಲಿಲ್ಲ. ಪಟ್ಟಿಯನ್ನು ನೀರು ತುಂಬಿದ ಬಕೆಟಿನಲ್ಲಿ ಬಟ್ಟೆಯ ಹಾಗೆ ಮುಳುಗಿಸಿಟ್ಟರು. ಅಲ್ಲಿಯ ಒಣ ಗಾಳಿಗೆ ಅದು ಬೇಗ ಆರುತ್ತಿತ್ತೋ ಏನೋ. ನಮ್ಮ ಆಗಸ್ಟಿನಲ್ಲಿ ಉಟ್ಟ ಲುಂಗಿಯೇ ಆರುವುದಿಲ್ಲ, ಚರ್ಮ ಆರುತ್ತದೆಯೇ? ಕಾದು ಕಾದು ಸಾಕಾಗಿ ಮಾವ ಅದನ್ನು, ಉಮ್ಮ ಒದ್ದೆ ಬಟ್ಟೆ ಹರವುವ, ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿದರು. ಹೊಗೆಗೂ ಬಿಸಿಗೂ ಪಟ್ಟಿ ಸುಟ್ಟ ಹಪ್ಪಳದಂತೆ ಸುರುಟಿಕೊಂಡಿತು. ಉಮ್ಮ ಬೇಡವೆಂದರು. ನಾನೂ ಬೇಡವೆಂದೆ. ಮಾವ ಕೇಳಿದರೆ ತಾನೆ?

ಗಟ್ಟಿಯಾದ ಚರ್ಮಕ್ಕೆ ಅಚ್ಚು ಇಳಿಯದೆ ಅವರು ಸುತ್ತಿಗೆ ಎತ್ತಿದರು. ಟಕ್, ಟಕ್ ಎಂದು ಬಡಿದೇ ಬಡಿದರು. ನೇರ ಹೊರಟ ಹೆಣಿಗೆ ಸ್ವಲ್ಪ ಹೊತ್ತಿಗೆ ಚಾರ್ಮಾಡಿ ಘಾಟಿಯ ರಸ್ತೆಯಂತೆ ತಿರುಗುತ್ತ ತಿರುಗುತ್ತ ಮೇಲೆ ಹತ್ತಿ, ಪಟ್ಟಿಯ ಅಂಚು ದಾಟಿ ಹೊರಗೇ ಹೋಯಿತು. ಕೆಲವು ಕಡೆ ಅಚ್ಚಿನ ಹರಿತವಾದ ತುದಿ ಚರ್ಮವನ್ನು ಸೀಳಿತ್ತು. ಮಾವ ಅದನ್ನು ಎತ್ತಿ ಹಿಡಿದು, ದೂರದಿಂದ ನೋಡಿದರೆ ಚಂದ ಕಾಣುತ್ತದೆ ಎಂದರು. ಎಷ್ಟು ದೂರದಿಂದ? ಬೆಳ್ತಂಗಡಿಯಿಂದಲೇ? ನಾನು ಬಾಯಿಬಿಟ್ಟು ಅತ್ತೆ.

ಸಂಜೆ ಬಾಪ ಕೊಡೆ ಮಡಚಿ ಒಳಗೆ ಬಂದರು. ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿದರು, ಎಳೆದರು. ಸೀಳು ಇನ್ನಷ್ಟು ಬಾಯಿ ತೆರೆಯಿತು. ಮಾವ ಹತ್ತಿರ ಹೋಗಿ, “ಸ್ವಲ್ಪ ಓರೆ ಹೋಗಿದೆ ಅಲ್ವಾ ಭಾವ?” ಎಂದು ಕೇಳಿದರು.

“ಸ್ವಲ್ಪ,” ಎಂದರು ಬಾಪ. ಅಷ್ಟು ತಿರಸ್ಕಾರ ತುಂಬಿದ ‘ಸ್ವಲ್ಪ’ವನ್ನು ನಾನು ಇಂದಿನವರೆಗೆ ಮತ್ತೆ ಕೇಳಿಲ್ಲ.

ಬೇರೆ ಚರ್ಮ ಇರಲಿಲ್ಲ. ಬಾಪ ತಮ್ಮ ಸೊಂಟದ ಅಗಲವಾದ ಬೆಲ್ಟನ್ನು ಬಿಚ್ಚಿ, ಪಟ್ಟಿಯನ್ನು ಮಗುಚಿ, ಅಚ್ಚು ಬೀಳದ ಬೆನ್ನಿಗೆ ಅದನ್ನು ಇಟ್ಟು ಉದ್ದಕ್ಕೂ ಹೊಲಿದರು. ಭಾರ ಹೊರುವುದು ಆ ಬೆಲ್ಟು. ಊರವರು ನೋಡುವ ಕಡೆಗೆ ಬಾಪನ ನಯವಾದ ಚರ್ಮ, ನನ್ನ ಹೆಗಲಿನ ಕಡೆಗೆ ಮಾವನ ಪಾಂಡಿತ್ಯ. ಮರುದಿನ ಬಾಪ ಪಂಚೆಗೆ ಹಗ್ಗ ಕಟ್ಟಿಕೊಂಡು ಮೆರವಣಿಗೆ ನೋಡಲು ಬಂದಿದ್ದರು.

ನಾನು ಡ್ರಮ್ಮು ಬಾರಿಸುತ್ತ ಬಂಟ್ವಾಳ ಪೇಟೆಯ ಉದ್ದಕ್ಕೂ ನಡೆದೆ. ಜಿಟಿಜಿಟಿ ಮಳೆಗೆ ಬಿಳಿ ಅಂಗಿ ಮೈಗೆ ಅಂಟಿಕೊಂಡಿತ್ತು. ಡ್ರಮ್ಮಿನ ಭಾರಕ್ಕೆ ಪಟ್ಟಿ ಹೆಗಲನ್ನು ಕಚ್ಚುತ್ತಿತ್ತು. ನನಗೆ ಅದೆಲ್ಲ ಲೆಕ್ಕಕ್ಕೇ ಇರಲಿಲ್ಲ. ಅಂಗಡಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು, ಅದೇ ಸಾಕಿತ್ತು.

ಮನೆಗೆ ಬಂದು ಒದ್ದೆ ಅಂಗಿ ಬಿಚ್ಚಿದಾಗ ಉಮ್ಮ ಕೂಗಿ ಎಲ್ಲರನ್ನೂ ಕರೆದರು. ನನ್ನ ಹೆಗಲ ಮೇಲೆ ಕೆಂಪಗೆ ಬುಟ್ಟಿ ಹೆಣಿಗೆ ಮೂಡಿತ್ತು. ಓರೆಯೂ ಹಾಗೇ, ಘಾಟಿಯ ತಿರುವೂ ಹಾಗೇ, ಒಂದು ಗೆರೆಯೂ ಬಿಡದೆ. ಬಾಪ ಬಗ್ಗಿ ನೋಡಿದರು. ತಮ್ಮ ಕೆನ್ನೆಯನ್ನು ನನ್ನ ತಣ್ಣನೆಯ ಹೆಗಲಿಗೆ ಒತ್ತಿದರು. ಆಮೇಲೆ ಮಾವನ ಕಡೆ ತಿರುಗಿ, “ನೋಡು ಮಾರಾಯ, ಚರ್ಮದ ಹದ ಅಂದ್ರೆ ಇದು,” ಎಂದರು.

ಮಾವ ಮೊದಲ ಸಲ ಕಪ್ಪು ಕನ್ನಡಕ ತೆಗೆದರು. ನನ್ನ ಹೆಗಲನ್ನು ಬೆರಳಿನಿಂದ ಮೆಲ್ಲಗೆ ಸವರಿ, ನೋವುಂಟಾ ಎಂದು ಕೇಳಿದರು. ಇಲ್ಲವೆಂದೆ. ಅವರ ಕಣ್ಣಿನಲ್ಲಿ ನೀರಿತ್ತು.

ಇನ್ನು ನಿಮ್ಮ ವಿಷಯ. ಮೊನ್ನೆ ನೀವು ಫೋನಿನಲ್ಲಿ ಗುಂಡಿ ಒತ್ತಿ ತರಿಸಿದ ಬೆಲ್ಟನ್ನು ನಾನು ಕನ್ನಡಕ ಹಾಕಿ ನೋಡಿದೆ. ಅದರಲ್ಲೂ ಅದೇ ಬುಟ್ಟಿ ಹೆಣಿಗೆ, ಒಂದು ಸಾಲೂ ಓರೆಯಿಲ್ಲ. ಎರಡು ಮಳೆಗೆ ಸಿಪ್ಪೆ ಎದ್ದು ಒಳಗಿನ ಬಟ್ಟೆ ಹಲ್ಲು ಕಿರಿಯಿತು. ಚರ್ಮವೂ ಅಲ್ಲದ, ಬುಟ್ಟಿಯೂ ಅಲ್ಲದ ಆ ಕಸವನ್ನು ಎರಡು ಬೆರಳಲ್ಲಿ ಎತ್ತಿ ನಿಮಗೇ ವಾಪಸು ಕೊಟ್ಟೆ. ನೀವು ನಕ್ಕು, ಹೋಗಲಿ ಅಜ್ಜ, ಇನ್ನೊಂದು ತರಿಸುತ್ತೇವೆ ಎಂದಿರಿ. ಮಾವನ ಆ ಓರೆ ಪಟ್ಟಿ ಇಂದಿಗೂ ನನ್ನ ಕೋಣೆಯ ಗೋಡೆಯಲ್ಲಿ ತೂಗುತ್ತಿದೆ. ಅದನ್ನು ನೋಡಿದಾಗಲೆಲ್ಲ ತೀರಿಹೋದ ಆ ಮನುಷ್ಯನನ್ನು ಮನಸಾರೆ ಬಯ್ಯುತ್ತೇನೆ, ದಿನ ಹಗುರಾಗುತ್ತದೆ. ನಿಮ್ಮ ಬೆಲ್ಟನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದ್ದೆ. ಬಯ್ಯಲಿಕ್ಕೆ ಅದರಲ್ಲಿ ಯಾರೂ ಇರಲಿಲ್ಲ.