ಹೊಲದ ಬೇಲಿಯಲ್ಲಿ ಕಡಲ ಗಿಡ

ಗಿಡಗಳ ಸಮೀಕ್ಷೆಗೆಂದು ರಾಯಬಾಗದ ಹೊರಗೆ ಹೊಲವೊಂದರ ಬೇಲಿಯ ಮುಂದೆ ನಿಂತಿದ್ದೆ. ಮಿರುಗುವ ಎಲೆ, ಬಿಳಿ ಹೂವಿನಿಂದ ಹೊರಚಾಚಿದ ನೇರಳೆ ಕೇಸರ, ಎಲ್ಲವೂ ಪುಸ್ತಕದ ವರ್ಣನೆಗೆ ಹೊಂದುತ್ತಿತ್ತು. ಬೆಳೆಯುವ ಜಾಗ ಮಾತ್ರ 'ಕಡಲತೀರದ ಉಪ್ಪುನೆಲ' ಎಂದಿತ್ತು. ಗೊಂದಲಕ್ಕೆ ಬಿದ್ದು, ಅಲ್ಲೇ ಆಡು ಮೇಯಿಸುತ್ತಿದ್ದ ಹೊಲದೊಡತಿಯನ್ನು ಕೇಳಿದೆ.

"ಕಡೂ ಮೆಹಂದಿ ಅಂತಾರ್ರಿ. ಕಹಿ ಐತಿ, ಆಡು ಮುಟ್ಟೂದಿಲ್ಲ."

"ಅಕ್ಕಾರ, ಇದು ಸಮುದ್ರದ ದಂಡಿ ಗಿಡ. ಇಲ್ಲಿ ಹ್ಯಾಂಗ ಬಂತ್ರಿ?"

ಅವರು ಹೊಲದ ಬೆಳ್ಳನೆಯ ಮಣ್ಣು ಚಿವುಟಿ ನನ್ನ ಅಂಗೈಗೆ ಹಾಕಿದರು. "ನೆಕ್ಕಿ ನೋಡ್ರಿ. ಕಬ್ಬಿಗೆ ಕಾಲುವಿ ನೀರ ಹಾಸಿ ಹಾಸಿ ಹೊಲ ಸವಳಾಗೇತಿ. ಇದೊಂದ ಬಿಟ್ಟ ಏನೂ ಬರೂದಿಲ್ಲ."

ನೆಕ್ಕಿದೆ. ಬರೀ ಉಪ್ಪು. ಆದರೂ ಸಮೀಕ್ಷೆಯ ಹಾಳೆಯಲ್ಲಿ ಬೆಳೆಯುವ ಜಾಗದ ಮುಂದೆ ಪುಸ್ತಕದಲ್ಲಿದ್ದುದನ್ನೇ ಬರೆದು ಕಚೇರಿಗೆ ಕಳಿಸಿದೆ.

ಕಚೇರಿಯಿಂದ ಫೋನ್ ಬಂತು: "ರಾಯಬಾಗಕ್ಕೆ ಕಡಲು ಯಾವಾಗ ಬಂತ್ರಿ?"

ಕಾಲುವೆಯ ಹಿಂದೆಯೇ ಬಂತು ಅನ್ನಬೇಕೆನಿಸಿತು. "ಇನ್ನೊಮ್ಮೆ ನೋಡಿ ಬರ್ತೀನ್ರಿ" ಅಂದೆ.